ಮಗ್ಗುಲು ಹೊರಳಿಸುವ ಚಿತ್ರ

ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಹುಡುಗಿಯರು ಪರೀಕ್ಷೆಗೆ ಮೊದಲು ಒಂದು ಸ್ವಂತ ಕೆಲಸ ಮಾಡಿ ಒಪ್ಪಿಸಬೇಕಾಗಿತ್ತು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಇರಲಿ ಎಂದು ಟೀಚರು ಹೇಳಿದ್ದರು. ಹೆಚ್ಚಿನವರು ಗೋಡೆಗೆ ಅಂಟಿಸುವ ದೊಡ್ಡ ಹಾಳೆಯ ಮೇಲೆ 'ಕೈ ತೊಳೆಯಿರಿ' ಎಂದು ಬಣ್ಣದ ಪೆನ್ನಿನಲ್ಲಿ ಬರೆದು ತಾವೂ ಕೈ ತೊಳೆದುಕೊಂಡರು. ಗೀಚಿ ಮಾತ್ರ ಇಪ್ಪತ್ತೆರಡು ಪುಟದ ಪುಸ್ತಿಕೆ ತಂದು ಟೀಚರ ಮೇಜಿನ ಮೇಲಿಟ್ಟಳು.

ಗೀಚಿ ಅವಳ ನಿಜವಾದ ಹೆಸರಲ್ಲ. ನೋಟ್ಸಿನ ಅಂಚು, ಬಸ್ಸಿನ ಟಿಕೆಟ್ಟು, ಔಷಧಿಯ ಡಬ್ಬ, ಏನು ಸಿಕ್ಕರೂ ಅದರ ಮೇಲೆ ಹಕ್ಕಿಯನ್ನೋ ಬೆಕ್ಕನ್ನೋ ಗೀಚುತ್ತಿದ್ದಳೆಂದು ಗೆಳತಿಯರು ಇಟ್ಟ ಹೆಸರು. ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಎಲ್ಲ ಕಡೆಯೂ ಅದೇ ನಿಂತುಬಿಟ್ಟಿತ್ತು. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಇಂಥವಳು ಬರೆದ ಪುಸ್ತಿಕೆಯನ್ನು ಟೀಚರು ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ತೆರೆದರು. ಮೊದಲ ಸಾಲು ಹೀಗಿತ್ತು: "ನಿಮಗೆ ಸುಸ್ತಾಗಿದೆ ಎಂದು ನಮಗೆ ಗೊತ್ತು. ಮೊದಲು ಕೂತುಕೊಳ್ಳಿ."

ಟೀಚರು ಕೂತುಕೊಂಡರು. ಇಪ್ಪತ್ತೆರಡೂ ಪುಟ ಮುಗಿಯುವ ಹೊತ್ತಿಗೆ ಮೇಜಿನ ಮೇಲಿನ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು.

ಇಪ್ಪತ್ತು ವರ್ಷದಿಂದ ಅವರು ಇದೇ ಪಾಠ ಮಾಡುತ್ತ ಬಂದವರು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ ಎಂಬುದನ್ನು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಆದರೆ ಅದನ್ನು ಹೇಗೆ ಹೇಳಿದರೆ ಒಲೆಯ ಮುಂದಿನಿಂದ ಎದ್ದು ಬಂದ ಹೆಂಗಸಿಗೆ ತಲೆಗೆ ಹೋಗುತ್ತದೆ ಎನ್ನುವುದು ಈ ಹುಡುಗಿಗೆ ಗೊತ್ತಿತ್ತು. ಗೊತ್ತಿರಲು ಕಾರಣವೂ ಇತ್ತು. ಮೂರು ವರ್ಷದ ಹಿಂದೆ ಅವಳ ಅಜ್ಜಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಅಪ್ಪ ಲಾರಿ ಓಡಿಸುವವರು, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಅತ್ತೆಯನ್ನು ಎತ್ತಿ ಇಳಿಸಿ ಅಮ್ಮನ ಸೊಂಟ ಸೋತುಹೋಗಿತ್ತು. ಗೀಚಿ ಆ ಪುಸ್ತಿಕೆಯನ್ನು ಬರೆದದ್ದು ಅಂಕಕ್ಕಲ್ಲ, ಅಮ್ಮನಿಗೆ.

ಪುಸ್ತಿಕೆಯಲ್ಲಿ ಹದಿನಾಲ್ಕು ಚಿತ್ರಗಳಿದ್ದವು. ಕಾಲೇಜಿನ ಲೈಬ್ರರಿಯ ದಪ್ಪ ಪುಸ್ತಕದಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಅಂಟಿಸಿದವು ಎಂಬುದು ಟೀಚರಿಗೆ ನೋಡಿದ ಕೂಡಲೇ ಗೊತ್ತಾಯಿತು. ಪ್ರತಿ ಚಿತ್ರದ ಕೆಳಗೂ 'ಚಿತ್ರ ಕೃಪೆ: ಇಂಟರ್ನೆಟ್' ಎಂದು ಬರೆದಿತ್ತು. ಎಲ್ಲರೂ ಹಾಗೇ ಬರೆಯುತ್ತಾರೆ, ಇವಳೂ ಬರೆದಿದ್ದಾಳೆ ಎಂದುಕೊಂಡು ಟೀಚರು ಪುಟ ತಿರುಗಿಸಿದರು. ತರಗತಿಯೊಳಗಿನ ಕೆಲಸ, ಯಾರು ಕೇಳುತ್ತಾರೆ? ಇಷ್ಟು ಸಮಾಧಾನ ಹೇಳಿಕೊಂಡವರು ವಾರದ ಮೇಲೆ ಆ ಪುಸ್ತಿಕೆಯನ್ನು ತಾವೇ ಕಾಲೇಜಿನ ವೆಬ್‌ಸೈಟಿಗೆ ಹಾಕಿಸಿದರು. ಅದು ತರಗತಿಯ ಬಾಗಿಲು ದಾಟಿ ಬೀದಿಗೆ ಬಿತ್ತು ಎನ್ನುವುದು ಆಗ ಹೊಳೆಯಲಿಲ್ಲ. ಒಳ್ಳೆಯದು ನಾಲ್ಕು ಜನರಿಗೆ ಸಿಗಲಿ ಎಂಬ ಉಮೇದು ಅಷ್ಟೇ.

ನಾಲ್ಕು ಜನರಲ್ಲ, ಮೂರು ವಾರದಲ್ಲಿ ಹನ್ನೊಂದು ಸಾವಿರ ಜನ ಅದನ್ನು ತೆರೆದರು. ಫೋನಿಂದ ಫೋನಿಗೆ ಹಾರಿತು. ಯಾರೋ ತಮ್ಮ ತಂದೆಯ ಬೆನ್ನಿನ ಹುಣ್ಣು ಮಾಯಿತೆಂದು ಬರೆದರು. ಪ್ರಿನ್ಸಿಪಾಲರು ಸಭೆಯಲ್ಲಿ ಗೀಚಿಯನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಅವಳು ನೆಲದಲ್ಲಿ ಬಿರುಕಿದ್ದರೆ ಅದರೊಳಗೆ ಇಳಿದುಬಿಡುತ್ತಿದ್ದೆ ಎನ್ನುವ ಮುಖ ಮಾಡಿಕೊಂಡು ನಿಂತಳು.

ಅದಾಗಿ ಎರಡು ದಿನಕ್ಕೆ, ಪುಸ್ತಿಕೆಯ ಕೊನೆಯ ಪುಟದಲ್ಲಿದ್ದ ಟೀಚರ ವಿಳಾಸಕ್ಕೆ ಒಂದು ಇಮೇಲ್ ಬಂತು.

"ನಮಸ್ಕಾರ. ನಿಮ್ಮ ಪುಸ್ತಿಕೆಯನ್ನು ನನ್ನ ತಮ್ಮನ ಸೊಸೆ ಕಳಿಸಿಕೊಟ್ಟಳು. ಬಹಳ ಚೆನ್ನಾಗಿದೆ, ಎರಡು ಸಲ ಓದಿದೆ. ಅದರೊಳಗಿನ ಹದಿನಾಲ್ಕೂ ಚಿತ್ರಗಳನ್ನು ಬರೆದವಳು ನಾನು. ಕೆಳಗೆ ಇಂಟರ್ನೆಟ್ ಎಂದು ಹಾಕಿದ್ದೀರಿ. ನನಗೆ ಎಪ್ಪತ್ತಾರು ವರ್ಷ, ನನಗೆ ಇಂಥದ್ದೊಂದು ಹೆಸರೂ ಇದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಆ ಹಾಸಿಗೆಯಲ್ಲಿ ಮಲಗಿರುವುದು ನನ್ನ ತಾಯಿ. ಚಿತ್ರಗಳ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಾಗಿದೆ, ಹಾಗಾಗಿ ಒಪ್ಪಿಗೆ ಕೊಡುವುದು ನನ್ನ ಕೈಯಲ್ಲಿಲ್ಲ. ದೂರು ಕೊಡುವ ಮನಸ್ಸೂ ಇಲ್ಲ. ನಿಮಗೆ ಗೊತ್ತಿರಲಿ ಎಂದು ತಿಳಿಸಿದೆ."

ಟೀಚರಿಗೆ ಕಿವಿ ಬಿಸಿಯಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೆಟ್ಟಗೆ ಲೈಬ್ರರಿಗೆ ಹೋಗಿ ಆ ದಪ್ಪ ಪುಸ್ತಕ ತೆಗೆದರು. ಇಪ್ಪತ್ತು ವರ್ಷ ಪಾಠ ಮಾಡಿದ ಪುಸ್ತಕ. ಯಾವ ಪಾಠ ಯಾವ ಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಶೀರ್ಷಿಕೆಯ ಹಿಂಬದಿಯ ಪುಟವನ್ನು ಮಾತ್ರ ಒಮ್ಮೆಯೂ ಓದಿರಲಿಲ್ಲ. ಅಲ್ಲಿ ಇರುವೆಯಂಥ ಅಕ್ಷರದಲ್ಲಿ ಆ ಹೆಂಗಸಿನ ಹೆಸರಿತ್ತು.

ಪ್ರಿನ್ಸಿಪಾಲರು ಇಮೇಲ್ ಓದಿ ಕನ್ನಡಕ ತೆಗೆದಿಟ್ಟರು.

"ಅವರೇ ದೂರು ಕೊಡಲ್ಲ ಅಂತಿದ್ದಾರಲ್ಲ, ನೀವ್ಯಾಕೆ ತಲೆ ಕೆಡಿಸ್ಕೋತೀರಿ? ಕೆಳಗೆ ಅವರ ಹೆಸರು ಹಾಕಿ. 'ಶಿಕ್ಷಣದ ಉದ್ದೇಶಕ್ಕೆ ಮಾತ್ರ' ಅಂತ ಒಂದು ಸಾಲು ಸೇರಿಸಿಬಿಡಿ, ಮುಗೀತು."

"ಒಪ್ಪಿಗೆ ಅವರು ಕೊಡೋ ಹಾಗಿಲ್ಲ ಸರ್, ಹಕ್ಕು ಪ್ರಕಾಶಕರದ್ದು."

"ಜನಕ್ಕೆ ಉಪಕಾರ ಆಗ್ತಿದೆಯಲ್ಲಮ್ಮ. ನಾವೇನು ಮಾರ್ತಿದ್ದೀವಾ?"

ಆ ಮಾತು ಟೀಚರಿಗೂ ಸರಿಯೆನ್ನಿಸಿತು, ತಲೆಯಾಡಿಸಿದರು. ನಿಜ ಹೇಳಬೇಕೆಂದರೆ, ಸರಿಯೆನ್ನಿಸಲಿ ಎಂದು ಅವರ ಮನಸ್ಸೇ ಹಾತೊರೆಯುತ್ತಿತ್ತು. ಆದರೂ ಪುಸ್ತಿಕೆ ಗೀಚಿಯದು, ಅವಳಿಗೆ ತಿಳಿಸದೆ ಏನೂ ಮಾಡುವುದು ಬೇಡ ಎಂದು ಅವಳನ್ನು ಕರೆಸಿದರು.

ಗೀಚಿ ಇಮೇಲನ್ನು ಓದಿದಳು. ಇನ್ನೊಮ್ಮೆ ಓದಿದಳು. 'ನನ್ನ ತಾಯಿ' ಎಂಬಲ್ಲಿ ಅವಳ ಕಣ್ಣು ನಿಂತದ್ದನ್ನು ಟೀಚರು ಗಮನಿಸಿದರು.

"ತೆಗೆದುಬಿಡೋಣ ಮೇಡಂ. ಇವತ್ತೇ."

"ಹನ್ನೊಂದು ಸಾವಿರ ಜನ ನೋಡಿದ್ದಾರೆ ಕಣೇ. ಎಷ್ಟು ಜನಕ್ಕೆ ಬೇಕಾಗಿದೆ ಯೋಚ್ನೆ ಮಾಡು."

"ಬರಹ ನಂದು, ಬರಹ ಇರ್ಲಿ. ಚಿತ್ರ ಅವರದ್ದು." ಅವಳೇ ಮುಂದುವರಿಸಿದಳು, "ನಂಗೆ ಬರೆಯೋಕೆ ಭಯ ಆಗಿತ್ತು ಮೇಡಂ. ಹಕ್ಕಿ ಬೆಕ್ಕು ಆದ್ರೆ ಆಗುತ್ತೆ, ಮನುಷ್ಯರ ಕೈ ಬರೋದೇ ಇಲ್ಲ. ಅದಕ್ಕೆ ಸುಲಭದ ದಾರಿ ಹಿಡಿದೆ."

ಇಡೀ ಕಾಲೇಜು ಚಪ್ಪಾಳೆ ತಟ್ಟಿದ ಕೆಲಸವನ್ನು ಈ ಹುಡುಗಿ ಒಂದು ನಿಮಿಷದಲ್ಲಿ ಕಳಚಿ ಕೆಳಗಿಡಲು ಸಿದ್ಧಳಾಗಿದ್ದಳು. ಟೀಚರಿಗೆ ತಾವು ಪ್ರಿನ್ಸಿಪಾಲರ ಕೋಣೆಯಲ್ಲಿ ತಲೆಯಾಡಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಅಂದೇ ಮಧ್ಯಾಹ್ನ ಚಿತ್ರಗಳು ಇಳಿದವು. ಅವು ಇದ್ದ ಹದಿನಾಲ್ಕು ಚೌಕಗಳನ್ನು ಗೀಚಿ ಖಾಲಿಯಾಗಿಯೇ ಉಳಿಸಿದಳು. ಒಳಗೆ ಬರೆದಳು: "ಇಲ್ಲಿದ್ದ ಚಿತ್ರ ನಮ್ಮದಲ್ಲ. ಕೇಳದೆ ಹಾಕಿದ್ದೆವು. ಹೊಸದು ಬರೆಯುತ್ತಿದ್ದೇವೆ, ಸ್ವಲ್ಪ ತಡೆದುಕೊಳ್ಳಿ." ಕಲಾವಿದೆಗೆ ಕ್ಷಮೆ ಕೇಳುವ ಪತ್ರವನ್ನೂ ಅವಳೇ ಬರೆದಳು. ಟೀಚರು ಅದರ ಕೆಳಗೆ ಎರಡು ಸಾಲು ಸೇರಿಸಿದರು: "ಚಿತ್ರಗಳು ಯಾವ ಪುಸ್ತಕದವು ಎಂದು ನನಗೆ ಮೊದಲೇ ಗೊತ್ತಿತ್ತು. ಇಂಟರ್ನೆಟ್ಟಿಗೆ ಹಾಕಿಸಿದವಳೂ ನಾನೇ. ತಪ್ಪಿನ ದೊಡ್ಡ ಪಾಲು ನನ್ನದು." ಪ್ರಕಾಶಕರನ್ನೂ ಒಂದು ಮಾತು ಕೇಳಿ ನೋಡಿದರು. ನಾಲ್ಕು ದಿನಕ್ಕೆ ಉತ್ತರ ಬಂತು: ತರಗತಿಯಲ್ಲಿ ತೋರಿಸಲು ಅಡ್ಡಿಯಿಲ್ಲ, ಊರಿಗೆಲ್ಲ ಸಿಗುವಂತೆ ಹಾಕಲು ಒಪ್ಪಿಗೆಯಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಕಲಾವಿದೆಯ ಉತ್ತರ ಒಂದೇ ಸಾಲಿನದು: "ಶನಿವಾರ ಬೆಳಿಗ್ಗೆ ಇಬ್ಬರೂ ಬನ್ನಿ, ಪೆನ್ಸಿಲ್ ತನ್ನಿ."

ಮಹಡಿಯ ಮೇಲಿನ ಮನೆ, ಮೆಟ್ಟಿಲು ಕಡಿದು. ಬಾಗಿಲು ತೆರೆದ ಹೆಂಗಸು ತೆಳ್ಳಗೆ ಬೆತ್ತದಂತಿದ್ದರು. ಬಲಗೈಯ ಮಧ್ಯದ ಬೆರಳಿನಲ್ಲಿ ಪೆನ್ಸಿಲ್ ಹಿಡಿದು ಹಿಡಿದು ಗಂಟು ಕಟ್ಟಿತ್ತು. ಕಿಟಕಿಯ ಪಕ್ಕ ಓರೆ ಮಾಡಿದ ಮೇಜು, ಗೋಡೆಯುದ್ದಕ್ಕೂ ಅಗಲ ಅಗಲ ಡ್ರಾಯರುಗಳು. ಒಂದನ್ನು ಎಳೆದು ಹಳದಿಯಾದ ಹಾಳೆಗಳ ಕಟ್ಟು ತೆಗೆದರು.

"ನಮ್ಮಮ್ಮ. ಎಂಟು ತಿಂಗಳು ಮಲಗಿದ್ಲು. ಪುಸ್ತಕದ ಕೆಲಸ ಒಪ್ಕೊಂಡಿದ್ದೆ, ಅಮ್ಮನ್ನ ಬಿಟ್ಟು ಹೋಗೋ ಹಾಗಿರ್ಲಿಲ್ಲ. ಚಿತ್ರಕ್ಕೆ ಅಮ್ಮನ್ನೇ ಕೂರಿಸ್ಕೊಂಡೆ. ಕೂರಿಸ್ಕೊಂಡೆ ಅಂತೀನಿ ನೋಡಿ, ಮಲಗಿಸ್ಕೊಂಡೆ." ಅವರು ನಕ್ಕರು. "ಕಿರುಬೆರಳು ಸೊಟ್ಟ ಇತ್ತು ಅವಳಿಗೆ. ಸಂಪಾದಕರು ನೆಟ್ಟಗೆ ಮಾಡಿ ಅಂದ್ರು. ನಾನು ಮಾಡ್ಲಿಲ್ಲ."

ಒಂದೊಂದು ಚಿತ್ರದ ಹಿಂದೆ ಮೂವತ್ತು ನಲವತ್ತು ಹಾಳೆಗಳಿದ್ದವು. ಬರೀ ಮೊಣಕೈ, ಬರೀ ದಿಂಬಿನ ಮಡಿಕೆ. ಮೊಬೈಲಿನಲ್ಲಿ ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದುಕೊಂಡದ್ದು ಇದು. ಗೀಚಿ ಹಾಳೆಗಳನ್ನು ಅಂಚಿನಲ್ಲಷ್ಟೇ ಹಿಡಿದು, ಉಸಿರು ತಾಗಿದರೂ ಕೆಡುತ್ತವೇನೋ ಎಂಬಂತೆ ನೋಡಿದಳು.

"ಇದನ್ನ ನೋಡ್ಕೊಂಡು ನಾನೇ ಬರೆದ್ರೆ ಆಗುತ್ತಾ ಅಜ್ಜಿ?"

"ನನ್ನ ಚಿತ್ರದ ಮೇಲೆ ಹಾಳೆ ಇಟ್ಟು ತಿದ್ದಿದ್ರೆ ಅದು ನನ್ನದೇ ಮಗು, ಪೆನ್ಸಿಲ್ ಮಾತ್ರ ನಿಂದು. ಚಿತ್ರ ನೋಡಿ ಬರೀಬೇಡ, ಕೆಲಸ ನೋಡಿ ಬರಿ." ಅವರು ಮಗ್ಗುಲು ಹೊರಳಿಸುವ ಚಿತ್ರವನ್ನು ಮುಂದಿಟ್ಟರು. "ಇಲ್ನೋಡು. ಎಷ್ಟು ಜನ ನರ್ಸು ನಿಂತಿದ್ದಾರೆ?"

"ಇಬ್ರು."

"ಮಂಚ ಎಷ್ಟು ಎತ್ತರ?"

"ಸೊಂಟದವರೆಗೆ. ಆಸ್ಪತ್ರೆ ಮಂಚ."

"ನಿಮ್ಮನೇಲಿ?"

"ಅಮ್ಮ ಒಬ್ಳೇ. ಮಂಚ ಮೊಣಕಾಲಿನಷ್ಟು."

"ಹಾಗಿದ್ರೆ ನನ್ನ ಚಿತ್ರ ನಿಮ್ಮಮ್ಮನಿಗೆ ಯಾತಕ್ಕೆ ಬಂತು?"

ಗೀಚಿ ಎರಡನೆಯ ನರ್ಸಿಗೆ ಅಂಗೈ ಅಡ್ಡ ಹಿಡಿದು ನೋಡಿದಳು. ಟೀಚರೂ ಬಾಗಿ ನೋಡಿದರು. ಇಪ್ಪತ್ತು ವರ್ಷ ಆ ಚಿತ್ರವನ್ನು ಹಲಗೆಯ ಮೇಲೆ ತೂಗುಹಾಕಿ ಪಾಠ ಮಾಡಿದ್ದರು. ಎರಡನೆಯ ನರ್ಸು ಎಲ್ಲಿಂದ ಬರಬೇಕು ಎಂದು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

"ಒಬ್ಬರೇ ಮಾಡೋರನ್ನ ಹುಡುಕಿ," ಎಂದರು ಕಲಾವಿದೆ. "ಕೈ ಪಳಗಿದವರು ನಿಮ್ಮ ಆಸ್ಪತ್ರೆಲೇ ಇರ್ತಾರೆ."

ಟೀಚರಿಗೆ ಹುಡುಕುವ ಕೆಲಸವೇ ಬೀಳಲಿಲ್ಲ. ವಾರ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಆಯಾ ಆಗಿದ್ದ ದೊಡ್ಡಕ್ಕ ಕಣ್ಣ ಮುಂದೆ ಬಂದು ನಿಂತಳು. ಹೆಸರಿಗಷ್ಟೇ ದೊಡ್ಡಕ್ಕ, ಎತ್ತರದಲ್ಲಿ ಟೀಚರ ಭುಜಕ್ಕೆ ಬರುತ್ತಿದ್ದಳು. ನರ್ಸುಗಳು ಇನ್ನೊಬ್ಬರನ್ನು ಕೂಗಿ ಕರೆಯುವಷ್ಟರಲ್ಲಿ ತನಗಿಂತ ಎರಡರಷ್ಟು ತೂಕದ ರೋಗಿಯನ್ನು ಹೊರಳಿಸಿ, ಚಾದರ ಎಳೆದು, ಮುಂದಿನ ಮಂಚಕ್ಕೆ ಹೋಗಿರುತ್ತಿದ್ದಳು. ಅವಳು ಹೇಗೆ ಮಾಡುತ್ತಾಳೆ ಎಂದು ಮಾತ್ರ ಯಾರೂ ನಿಂತು ನೋಡಿರಲಿಲ್ಲ.

"ನನ್ನ ಚಿತ್ರ ಬರೀತಾರಾ?" ದೊಡ್ಡಕ್ಕ ನಂಬಲಿಲ್ಲ. "ಟೀಚರಮ್ಮ, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ಬೇಡಿ. ಒಂಬತ್ತು ಬಕೆಟ್ ಬಟ್ಟೆ ಬಿದ್ದಿದೆ."

ತಮಾಷೆಯಲ್ಲವೆಂದು ಗೊತ್ತಾದ ಮೇಲೆ ಅವಳು ಎರಡು ದಿನ ರಜೆ ಹಾಕಿಯೇ ಬಂದಳು. ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ಕಾವಲುಗಾರನ ತಗ್ಗು ಮಂಚ ತಂದು ಹಾಕಿದರು. ರೋಗಿಯಾಗಿ ಯಾರು ಮಲಗಬೇಕು? ಪ್ಲಾಸ್ಟಿಕ್ ಬೊಂಬೆಯನ್ನು ನೋಡಿ ದೊಡ್ಡಕ್ಕ ಮೂಗು ಮುರಿದಳು, "ಇದಕ್ಕೆ ಭಾರಾನೂ ಇಲ್ಲ, ಭಯಾನೂ ಇಲ್ಲ." ಕೊನೆಗೆ ಟೀಚರೇ ಚಪ್ಪಲಿ ಬಿಟ್ಟು ಮಲಗಿದರು.

"ಮಂಚ ಮೊದಲು ಗೋಡೆಯಿಂದ ಈಚೆಗೆ ಎಳೀರಿ," ಅಂದಳು ದೊಡ್ಡಕ್ಕ. "ಮನೇಲಿ ಎಲ್ರೂ ಗೋಡೆಗೆ ಒತ್ತಿ ಹಾಕಿರ್ತಾರೆ. ಆಮೇಲೆ ಒಂದೇ ಕಡೆಯಿಂದ ಎಳೆದೂ ಎಳೆದೂ ಸೊಂಟ ಮುರ್ಕೋತಾರೆ. ಒಂದು ಮೊಳ ಜಾಗ ಬಿಡಿ, ಅರ್ಧ ಕೆಲಸ ಆದ ಹಾಗೆ."

ಗೀಚಿಯ ಪೆನ್ಸಿಲ್ ನಿಂತಿತು. ಅವಳ ಮನೆಯ ಮಂಚ ಗೋಡೆಗೆ ಒತ್ತಿಯೇ ಇತ್ತು, ಮೂರು ವರ್ಷದಿಂದ.

ದೊಡ್ಡಕ್ಕ ಆಚೆ ಬದಿಗೆ ಹೋಗಿ ಟೀಚರ ಭುಜ, ಆಮೇಲೆ ಸೊಂಟ, ಆಮೇಲೆ ಕಾಲು, ಹೀಗೆ ಮೂರು ಕಂತಿನಲ್ಲಿ ತನ್ನ ಕಡೆಗೆ ಸರಿಸಿಕೊಂಡಳು. ಹೊರಳಿದಾಗ ಅಂಚಿನಿಂದ ಉರುಳಬಾರದಲ್ಲ, ಅದಕ್ಕೆ. ತಿರುಗಿ ಈಚೆ ಬದಿಗೆ ಬಂದಳು. ಆಚೆಯ ಮೊಣಕಾಲು ಮಡಿಸಿದಳು, ಆಚೆಯ ಕೈ ಎದೆಯ ಮೇಲಿಟ್ಟಳು. ತನ್ನದೊಂದು ಮೊಣಕಾಲನ್ನು ಮಂಚದ ಮೇಲೆ ಊರಿ, ಒಂದು ಕೈ ಭುಜದ ಹಿಂದಕ್ಕೆ, ಇನ್ನೊಂದು ಸೊಂಟದ ಹಿಂದಕ್ಕೆ ಹಾಕಿದಳು. ಅಷ್ಟಾದರೂ ಎಳೆಯಲಿಲ್ಲ. ಟೀಚರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು, "ಈಗ ನನ್ನ ಕಡೆ ಹೊರಳ್ತೀವಮ್ಮ. ನಾನಿದ್ದೀನಿ, ಬೀಳಲ್ಲ."

ಮತ್ತೆ ಎಳೆದಂತೆಯೂ ಅನ್ನಿಸಲಿಲ್ಲ. ಹಿಂದೆ ಸ್ಟೂಲಿನ ಮೇಲೆ ಕೂರುವಂತೆ ದೊಡ್ಡಕ್ಕ ತನ್ನ ಭಾರವನ್ನು ಹಿಂದಕ್ಕೆ ಬಿಟ್ಟಳು, ಅಷ್ಟೇ. ಟೀಚರು ಅವಳ ಕಡೆಗೆ ಮಗುಚಿಕೊಂಡಿದ್ದರು.

ಟೀಚರು ಆ ಮಗ್ಗುಲಲ್ಲೇ ಸ್ವಲ್ಪ ಹೊತ್ತು ಮಲಗಿದ್ದರು. ಬೇರೆಯವರ ಕೈಯಲ್ಲಿ ತನ್ನ ಮೈ ಹೊರಳುವುದು ಎಂಥ ಹೆದರಿಕೆಯ ಸಂಗತಿ, ಆ ಒಂದು ಮಾತಿನಿಂದ ಅದು ಹೇಗೆ ಕರಗುತ್ತದೆ ಎಂಬುದು ಯಾವ ಪರೀಕ್ಷೆಯ ಉತ್ತರದಲ್ಲೂ ಇರಲಿಲ್ಲ.

"ಏಳಿ ಟೀಚರಮ್ಮ, ನಿದ್ದೆ ಬಂತಾ?"

"ಇನ್ನೊಂದ್ಸಲ ಮಾಡಿ ದೊಡ್ಡಕ್ಕ."

ಇನ್ನೊಂದಲ್ಲ, ಎರಡು ದಿನದಲ್ಲಿ ಅರವತ್ತು ಸಲವಾದರೂ ಆಗಿರಬೇಕು. ಗೀಚಿ ಮಂಚದ ಸುತ್ತ ಕೂತು, ನಿಂತು, ಸ್ಟೂಲಿನ ಮೇಲೆ ಹತ್ತಿ ಬರೆದಳು. ಮೊದಲ ದಿನದ ಕೈಗಳು ಬಾಳೆಹಣ್ಣಿನ ಚಿಪ್ಪಿನಂತೆ ಬಂದವು. ದೊಡ್ಡಕ್ಕ ಇಣುಕಿ ನೋಡಿ, "ನಂಗೆ ಆರು ಬೆರಳು ಕೊಟ್ಟಿದ್ದೀಯಲ್ಲ ಮಗಾ, ಬಟ್ಟೆ ಒಗೆಯೋಕೆ ಒಳ್ಳೇದೇ," ಎಂದಳು. ಗೀಚಿ ನಕ್ಕು ಹಾಳೆ ಹರಿದಳು. ಮುಂದಿನ ಎರಡು ವಾರ ಅವಳು ಬಸ್ಸಿನಲ್ಲಿ, ಊಟದ ಮೇಜಿನಲ್ಲಿ, ವಾರ್ಡಿನ ಬೆಂಚಿನಲ್ಲಿ ಕೈಗಳನ್ನೇ ನೋಡಿದಳು, ಕೈಗಳನ್ನೇ ಬರೆದಳು. ಹಕ್ಕಿ ಬೆಕ್ಕುಗಳ ಪತ್ತೆಯಿರಲಿಲ್ಲ.

ನಡುವೆ ಒಂದು ಬೆಳಿಗ್ಗೆ ತರಗತಿಗೆ ಮುಂಚೆಯೇ ಟೀಚರ ಬಳಿ ಓಡಿ ಬಂದಳು. ಮಾತು ಕಡಿಮೆಯ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು: ಮಂಚ ಎಳೆದು ಹಾಕಿದ್ದಾಯಿತು, ಚಿತ್ರಗಳ ಕರಡನ್ನು ಗೋಡೆಗೆ ಅಂಟಿಸಿದ್ದಾಯಿತು. ಅಮ್ಮ ಅದನ್ನು ನೋಡುತ್ತ ನೋಡುತ್ತ, ಪಾಠ ಒಪ್ಪಿಸುವವಳಂತೆ "ಈಗ ನನ್ನ ಕಡೆ ಹೊರಳ್ತೀವಿ ಅತ್ತೆ" ಎಂದಳಂತೆ. ಅಜ್ಜಿ ಹೊರಳಿದಳಂತೆ. ಆಮೇಲೆ ತೊದಲುತ್ತ, "ಇಷ್ಟು ವರ್ಷ ಮೂಟೆ ಎಳೆದ ಹಾಗೆ ಎಳೀತಿದ್ದೆ, ಇವತ್ತೇನು ಮರ್ಯಾದೆ?" ಎಂದು ಕೇಳಿದಳಂತೆ. ಅಮ್ಮ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿಬಿಟ್ಟಳಂತೆ.

ಹದಿನೆಂಟನೆಯ ದಿನ ಹದಿನಾರು ಚಿತ್ರ ಸಿದ್ಧವಾದವು. ಮೊದಲಿಗಿಂತ ಎರಡು ಹೆಚ್ಚು: ಒಂದು ಗೋಡೆಯಿಂದ ಮಂಚ ಎಳೆಯುವುದು, ಇನ್ನೊಂದು ಕಿವಿಯ ಹತ್ತಿರ ಬಾಗಿ ಮಾತಾಡುವುದು. ಕಲಾವಿದೆ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ರೇಖೆ ಅಲ್ಲಲ್ಲಿ ನಡುಗಿತ್ತು, ಒಂದು ದಿಂಬು ಕಲ್ಲಿನಂತೆ ಕಾಣುತ್ತಿತ್ತು. ಅದರ ಮಾತೇ ಎತ್ತಲಿಲ್ಲ ಅವರು. ಒಂದು ಹೆಬ್ಬೆರಳ ಕಡೆ ಬೆರಳು ತೋರಿಸಿ, "ಭಾರ ಇಲ್ಲಿ ಬೀಳಬೇಕು, ಇದನ್ನ ತಿದ್ದು," ಎಂದರು. ಆಮೇಲೆ ಟೀಚರ ಕಡೆ ತಿರುಗಿ, "ನಾನು ನಲವತ್ತು ವರ್ಷ ಬರೆದೆ. ಕಿವಿ ಹತ್ರ ಬಾಗಿರೋದನ್ನ ಬರೀಬೇಕು ಅಂತ ನಂಗೆ ಹೊಳೀಲಿಲ್ಲ," ಎಂದರು. ಅದನ್ನು ಕೇಳಿಯೂ ಕೇಳಿಸದವಳಂತೆ ಗೀಚಿ ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

ಹೊಸ ಪುಸ್ತಿಕೆ ಮತ್ತೆ ವೆಬ್‌ಸೈಟಿಗೆ ಏರಿತು. ಮೊದಲ ಪುಟದಲ್ಲೇ, ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಬರಹ ಮತ್ತು ಚಿತ್ರ ಯಾರದು, ಮಾಡಿ ತೋರಿಸಿದವರು ಯಾರು, ತಿದ್ದಿದವರು ಯಾರು ಎಂದು ಮೂರು ಪೂರ್ತಿ ಹೆಸರುಗಳಿದ್ದವು. ಕೆಳಗೆ ಗೀಚಿಯದೇ ಮಾತು: "ಈ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು. ಮೂರೂ ಹೆಸರು ಹಾಕಿ." ದೊಡ್ಡಕ್ಕನಿಗೆ ಇಂಥದ್ದೊಂದು ಪೂರ್ತಿ ಹೆಸರಿದೆ ಎಂಬುದು ಆಸ್ಪತ್ರೆಯ ಅರ್ಧ ಜನಕ್ಕೆ ಅವತ್ತೇ ಗೊತ್ತಾದದ್ದು. ಹನ್ನೊಂದು ಸಾವಿರ ಮತ್ತೆ ಆಗಲಿಲ್ಲ. ಮೊದಲ ತಿಂಗಳು ನಾಲ್ಕು ಸಾವಿರಕ್ಕೆ ನಿಂತಿತು. ಹಳೆಯ ಪುಸ್ತಿಕೆ ಇನ್ನೂ ಯಾರ್ಯಾರದೋ ಫೋನಿನಲ್ಲಿ ಸುತ್ತುತ್ತಲೇ ಇತ್ತು, ಅದನ್ನು ಹಿಂದಕ್ಕೆ ಕರೆಯುವ ಉಪಾಯ ಯಾರಿಗೂ ಇರಲಿಲ್ಲ. ಕಣ್ಣಿಗೆ ಬಿದ್ದಲ್ಲೆಲ್ಲ ಗೀಚಿ, "ಹೊಸದು ಇಲ್ಲಿದೆ, ದಯವಿಟ್ಟು ಇದನ್ನು ಇಟ್ಟುಕೊಳ್ಳಿ," ಎಂದು ತಾಳ್ಮೆಯಿಂದ ಬರೆಯುತ್ತಿದ್ದಳು. ಪ್ರಿನ್ಸಿಪಾಲರು ಮತ್ತೊಂದು ಸಭೆ ಕರೆದು, ತಮ್ಮ ಸಲಹೆಯಂತೆಯೇ ಎಲ್ಲ ನಡೆಯಿತು ಎನ್ನುವ ದನಿಯಲ್ಲಿ ಭಾಷಣ ಮಾಡಿದರು. ಟೀಚರು ನಗು ನುಂಗಿಕೊಂಡರು.

ಮುಂದಿನ ವರ್ಷದ ಹೊಸ ತಂಡಕ್ಕೆ ಮಗ್ಗುಲು ಹೊರಳಿಸುವ ಪಾಠದ ದಿನ ಟೀಚರು ಹಲಗೆಗೆ ಚಿತ್ರ ತೂಗುಹಾಕಲಿಲ್ಲ. ತಗ್ಗು ಮಂಚವನ್ನು ಕೋಣೆಯ ನಡುವಿಗೆ ಎಳೆಸಿ, ದೊಡ್ಡಕ್ಕನನ್ನು ಕರೆದು ಮುಂದೆ ನಿಲ್ಲಿಸಿದರು. ನಲವತ್ತು ಹುಡುಗಿಯರ ಎದುರು ಅವಳು ಮೊದಲು ತಡವರಿಸಿದಳು, ಕೈ ಎಲ್ಲಿಡುವುದೆಂದು ತಿಳಿಯದೆ ಅಂಗೈ ಒರೆಸಿಕೊಂಡಳು. ಮಂಚದ ಮೇಲೆ ಒಬ್ಬ ಹುಡುಗಿ ಮಲಗಿದ್ದೇ ತಡ, ಆ ಕೈಗಳಿಗೆ ದಾರಿ ಸಿಕ್ಕಿತು.

ಟೀಚರು ಕೊನೆಯ ಬೆಂಚಿಗೆ ಹೋಗಿ ಕೂತು, ಹೊಸ ನೋಟ್‌ಬುಕ್ ತೆರೆದು ಬರೆದುಕೊಳ್ಳತೊಡಗಿದರು.